ಕಾಗದವೋ, ಗಾಜೋ?

ಧನುರ್ಮಾಸದ ಒಂದು ಸಂಜೆ ಮಂಚೇನಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಹಳೆಯ ಶಿಷ್ಯನೊಬ್ಬ ಬಂದು ಕುಳಿತ. ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಕಡೆ ಮದುವೆ ಮುಂಜಿಗಳ ಚಿತ್ರ ತೆಗೆದು ಸಂಸಾರ ನಡೆಸುವವನು. ಬಿಡುವಾದರೆ ಬೆಟ್ಟಗುಡ್ಡ, ಕೆರೆಕುಂಟೆಗಳ ಚಿತ್ರ ತೆಗೆಯುವುದು ಅವನಿಗೆ ಅಂಟಿದ ಹವ್ಯಾಸ. ಕಾಫಿ ಮುಗಿಯುವ ಮೊದಲೇ ವಿಷಯಕ್ಕೆ ಬಂದ.

“ಮೇಷ್ಟ್ರೇ, ಇರೋ ಕ್ಯಾಮರಾ, ಮೂರು ಲೆನ್ಸು ಎಲ್ಲಾ ಮಾರಿಬಿಟ್ಟು ಬೇರೆ ಕಂಪನಿದು ತಗೊಳ್ಳೋಣ ಅಂತಿದ್ದೀನಿ. ಬೆಟ್ಟದ ಚಿತ್ರಕ್ಕೆ ಅದೇ ಮೇಲಂತೆ. ಕಡಿಮೆ ಬೀಳೋ ದುಡ್ಡಿಗೆ ಮನೆಯವಳ ಬಳೆ ಅಡ ಇಡಬೇಕಾಗುತ್ತೆ. ನೀವೇನಂತೀರಿ?”

ಕೇಶಿರಾಜನ ಸೂತ್ರವೊಂದನ್ನು ಕೇಳಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದೆ. ಕ್ಯಾಮರಾದ ವಿಚಾರದಲ್ಲಿ ಕನ್ನಡ ಪಂಡಿತನು ಹೇಳತಕ್ಕದ್ದೇನಿದೆ? ಆದರೆ ಬಳೆಯ ಮಾತು ಬಂದ ಮೇಲೆ ಸುಮ್ಮನಿರುವುದೂ ಸರಿಯೆನಿಸಲಿಲ್ಲ. ಹನ್ನೆರಡು ವರ್ಷ ದುಡಿದು ಒಂದೊಂದಾಗಿ ಕೊಂಡ ಸಾಮಗ್ರಿ ಅದು. “ಈಗಿರುವುದು ಯಾವ ಕೆಲಸವನ್ನು ಮಾಡಲಾರದು, ಅದನ್ನು ಮೊದಲು ಹೇಳಪ್ಪ” ಎಂದೆ.

ಹೇಳಿದ. ನಮ್ಮೂರಿಗೆ ಆಗ್ನೇಯದಲ್ಲಿ ನಂದಿಯ ಬೆಟ್ಟಸಾಲು. ಧನುರ್ಮಾಸದಲ್ಲಿ ಸೂರ್ಯನೂ ಆ ಕಡೆಗೇ ಸರಿದು ಹುಟ್ಟುತ್ತಾನೆ. ಆಕಾಶದ ಬೆಳಕಿಗೆ ಹೊಂದಿಸಿ ಚಿತ್ರ ತೆಗೆದರೆ ಬೆಟ್ಟದ ಬುಡ, ಹೊಲ, ಮರ ಎಲ್ಲ ಕಾಡಿಗೆ. ಹೊಲಕ್ಕೆ ಹೊಂದಿಸಿದರೆ ಆಕಾಶ ಸುಣ್ಣದ ಗೋಡೆ. ಕಾಡಿಗೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿಳಿಗೊಳಿಸಿದರೆ ರವೆ ಎರಚಿದ ಹಾಗೆ ಕಾಣುತ್ತದೆ. ಅವನ ಅಳಲು ಇಷ್ಟೇ.

ಈ ಅಳಲು ಅವನೊಬ್ಬನದಲ್ಲ. ನಮ್ಮ ನಾಡಿನಲ್ಲಿ ಛಾಯಾಚಿತ್ರ ಎಷ್ಟು ಹಳೆಯದೋ ಇದೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಸಾಧನ ಬದಲಾಯಿಸಬೇಕೋ ಬೇಡವೋ ಎಂಬ ಜಿಜ್ಞಾಸೆಯೂ ಅಷ್ಟೇ ಹಳೆಯದು.

1851ರಲ್ಲಿ ಛಾಯಾಗ್ರಾಹಕರ ಮುಂದೆ ಎರಡು ದಾರಿಗಳು ತೆರೆದುಕೊಂಡವು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬವನು ಕಾಗದಕ್ಕೆ ಮೊದಲು ಮೇಣ ಹೀರಿಸಿ, ಆಮೇಲೆ ಬೆಳ್ಳಿಯ ಲವಣ ಲೇಪಿಸಿ ನೆಗೆಟಿವ್ ಮಾಡುವ ಕ್ರಮವನ್ನು ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಬಳಿದು ಚಿತ್ರ ಹಿಡಿಯುವುದನ್ನು ತೋರಿಸಿಕೊಟ್ಟನು. ಗಾಜಿನ ಚಿತ್ರ ಬಹಳ ಸ್ಪಷ್ಟ, ಬೆಳಕನ್ನು ಹಿಡಿಯುವುದೂ ಬೇಗ. ಆದರೆ ಬಳಿದ ದ್ರವ ಹಸಿಯಾಗಿರುವಾಗಲೇ, ಕೆಲವೇ ನಿಮಿಷಗಳೊಳಗೆ, ಚಿತ್ರ ತೆಗೆದು ತೊಳೆದೂ ಮುಗಿಸಬೇಕು. ಎಂದರೆ ಹೋದ ಕಡೆಯೆಲ್ಲ ಕತ್ತಲೆಯ ಗುಡಾರ, ಸೀಸೆಗಳು, ನೀರು. ಮೇಣಗಾಗದದ ಚಿತ್ರಕ್ಕೆ ಅಷ್ಟು ಸ್ಪಷ್ಟತೆ ಇಲ್ಲ, ಬೆಳಕಿಗೆ ನಿಮಿಷಗಟ್ಟಲೆ ಒಡ್ಡಬೇಕು. ಆದರೇನು, ಕೆಲವು ದಿನ ಮುಂಚೆಯೇ ಸಿದ್ಧಪಡಿಸಿಟ್ಟುಕೊಂಡು, ಬಿಡಾರಕ್ಕೆ ಮರಳಿದ ಮೇಲೆ ನಿಧಾನವಾಗಿ ತೊಳೆಯಬಹುದು.

ಲಿನೇಯಸ್ ಟ್ರೈಪ್ ಮದರಾಸು ಸೈನ್ಯದ ಅಧಿಕಾರಿ. ಊರಿಗೆ ರಜೆಯಲ್ಲಿ ಹೋದಾಗ ಛಾಯಾಗ್ರಹಣ ಕಲಿತು, 1854ರಲ್ಲಿ ಬೆಂಗಳೂರಿಗೆ ಮರಳಿದನು. ಆ ವರ್ಷದ ಕೊನೆಯಲ್ಲಿ ಡಾಕ್ಟರ್ ನೀಲ್ ಎಂಬವನೊಡನೆ ಹಳೇಬೀಡು, ಬೇಲೂರುಗಳಿಗೆ ಹೊರಟನು. ಬಳಸಿದ್ದು ಕಾಗದ. ದೇವಾಲಯವೂ ಬೆಟ್ಟವೂ ಎದ್ದು ಓಡುವ ವಸ್ತುಗಳಲ್ಲವಷ್ಟೆ. ನಿಮಿಷಗಟ್ಟಲೆ ಕಾಯುವುದರಿಂದ ಅವನಿಗೆ ನಷ್ಟವಿರಲಿಲ್ಲ. 1855ರ ಮದರಾಸಿನ ವಸ್ತುಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಪದಕ ಬಂತು.

ನನ್ನ ಶಿಷ್ಯನ ತೊಂದರೆ ಟ್ರೈಪನಿಗೂ ಇತ್ತು. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕಿನ ಮೇಲೆ ಅತಿಮೋಹ. ನೆಲ ಮೂಡುವಷ್ಟರಲ್ಲಿ ಆಕಾಶ ಬೆಂದುಹೋಗುತ್ತಿತ್ತು. ಅವನು ಮಾಡಿದ್ದೇನೆಂದರೆ, ನೆಗೆಟಿವ್ ಕಾಗದದ ಮೇಲೆಯೇ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಬರೆದನು! ನೋಡುವವರಿಗೆ ಸುಳಿವೇ ಸಿಕ್ಕದಷ್ಟು ನಾಜೂಕಾಗಿ. ಇದನ್ನು ಕೇಳಿ ಶಿಷ್ಯ ಬಿದ್ದು ಬಿದ್ದು ನಕ್ಕ.

ಟ್ರೈಪ್ ಗಾಜನ್ನು ಅರಿಯದವನೇನಲ್ಲ. ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ 1858ರಲ್ಲಿ ಶ್ರೀರಂಗ, ಮಧುರೆ, ತಂಜಾವೂರುಗಳನ್ನು ಸುತ್ತಿದಾಗ ಕಾಗದ, ಗಾಜು ಎರಡನ್ನೂ ಬಳಸಿದನು. ಒಂದನ್ನು ಹಿಡಿದ ಮಾತ್ರಕ್ಕೆ ಇನ್ನೊಂದನ್ನು ಬಿಡಲಿಲ್ಲ. ಅವನ ಕೆಲಸ ನಿಂತದ್ದು ಸಾಧನದ ದೋಷದಿಂದಲ್ಲ, ಖರ್ಚಿನಿಂದ: 1859ರಲ್ಲಿ ಬಂದ ಗವರ್ನರ್ ಟ್ರೆವೆಲ್ಯನ್ ಇದು ಸರ್ಕಾರಕ್ಕೆ ಸಲ್ಲದ ದುಬಾರಿ ಬಾಬೆಂದು ತೀರ್ಮಾನಿಸಿದನು.

ಹಂಪೆಯ ಗ್ರೀನ್‌ಲಾ ಕಥೆ ನನಗೆ ಇನ್ನೂ ಪ್ರಿಯ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿ 1856ರಲ್ಲಿ ಹಂಪೆಯ ಹಾಳನ್ನು ಮೇಣಗಾಗದದ ಮೇಲೆ ಹಿಡಿದನು. ಗಾಜಿನ ಕ್ರಮ ಬಂದು ಆಗಲೇ ಐದು ವರ್ಷವಾಗಿತ್ತು. ಹಂಪೆಯ ಬಿಸಿಲನ್ನು ಬಲ್ಲವರಿಗೆ ಕಾಗದವೇಕೆಂದು ಹೇಳಬೇಕಾಗಿಲ್ಲ: ಬಳಿದ ಕೊಲೋಡಿಯನ್ ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗುವ ನೆಲ ಅದು. ಒಂದೊಂದು ನೆಗೆಟಿವ್ ಸುಮಾರು 16 ಅಂಗುಲಕ್ಕೆ 18 ಅಂಗುಲ. ಆಗ ಚಿತ್ರವನ್ನು ಹಿಗ್ಗಿಸುವ ಅನುಕೂಲವಿರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಕಾಗದ, ಅದಕ್ಕೆ ತಕ್ಕ ಕ್ಯಾಮರಾ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಳೆಯ ಕಾಗದ ನಾಚಬೇಕಾದ್ದೇನೂ ಇಲ್ಲ.

ಹಾಗೆಂದು ಗಾಜಿನವರು ಮೂರ್ಖರಲ್ಲ. ಸ್ಯಾಮ್ಯುಯೆಲ್ ಬೋರ್ನ್ 1866ರಲ್ಲಿ ಹಿಮಾಲಯದ ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆಯವರೆಗೂ ಗಾಜು, ಗುಡಾರ, ಸೀಸೆಗಳನ್ನು ಹೊರಿಸಿಕೊಂಡು ಹೋದನು. ಅವನಿಗೆ ಬೇಕಾಗಿದ್ದ ನುಣುಪು ಗಾಜಿನಲ್ಲಿ ಮಾತ್ರ ಇತ್ತು. ಹೊರುವ ಕೂಲಿಗಳೂ ಇದ್ದರೆನ್ನಿ.

ಇನ್ನು ಕಂಪನಿಗಳ ಕಾಲಕ್ಕೆ ಬರೋಣ. 1950ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಡೇವಿಡ್ ಡಗ್ಲಾಸ್ ಡಂಕನ್ ಟೋಕಿಯೋದಲ್ಲಿದ್ದಾಗ ಜುನ್ ಮಿಕಿ ಎಂಬ ಜಪಾನೀ ಛಾಯಾಗ್ರಾಹಕ ಅವನದೊಂದು ಚಿತ್ರ ತೆಗೆದನು. ಲೆನ್ಸು ಜಪಾನಿನ ನಿಕ್ಕೋರ್. ಅದರ ಸ್ಪಷ್ಟತೆಗೆ ಬೆರಗಾಗಿ ಡಂಕನ್ ಕಾರ್ಖಾನೆಗೇ ಹೋಗಿ ಪರೀಕ್ಷಿಸಿ, ಅವೇ ಲೆನ್ಸುಗಳೊಡನೆ ಕೊರಿಯಾ ಯುದ್ಧಕ್ಕೆ ಹೋದನು. ನಿಕಾನ್ ಎಂಬ ಹೆಸರು ಜಗತ್ತಿಗೆ ಕೇಳಿಬಂದದ್ದು ಅಲ್ಲಿಂದ. ಆದರೆ ಡಂಕನ್ ಕ್ಯಾಮರಾವನ್ನು ಬದಲಾಯಿಸಿದನೇ? ಇಲ್ಲ. ಜರ್ಮನಿಯ ಲೈಕಾ ಪೆಟ್ಟಿಗೆಯನ್ನು ಹಾಗೆಯೇ ಉಳಿಸಿಕೊಂಡು ಅದರ ಬಾಯಿಗೆ ನಿಕ್ಕೋರ್ ತಿರುಗಿಸಿದನು.

ಈ ‘ಬಾಯಿ’ ಎಂಬುದನ್ನು ಓದುಗರು ಗಮನಿಸಬೇಕು. ಲೆನ್ಸು ಪೆಟ್ಟಿಗೆಗೆ ಕೂರುವ ಲೋಹದ ಬಳೆ ಅದು. ಒಂದು ಕಂಪನಿಯದು ಇನ್ನೊಂದಕ್ಕೆ ನೇರವಾಗಿ ಕೂರದು. ನಿಕಾನ್ 1959ರಲ್ಲಿ ಮಾಡಿದ ಬಾಯನ್ನು ದಶಕಗಳ ಕಾಲ ಉಳಿಸಿಕೊಂಡಿತು. ಕೆನಾನ್ 1987ರಲ್ಲಿ, ಲೆನ್ಸಿನೊಳಗೇ ಮೋಟಾರು ಕೂಡಿಸಲೆಂದು, ಬಾಯನ್ನೇ ಬೇರೆ ಮಾಡಿತು. ಆ ಹೆಸರಿಗೇ ಅಂಟಿಕೊಂಡಿದ್ದವರ ಹಳೆಯ ಲೆನ್ಸುಗಳು ಹೊಸ ಪೆಟ್ಟಿಗೆಗೆ ಕೂರಲಿಲ್ಲ. 2018ರಲ್ಲಿ ಇಬ್ಬರೂ ಕನ್ನಡಿಯಿಲ್ಲದ ಕ್ಯಾಮರಾಗಳಿಗೆ ಹೊಸ ಬಾಯಿ ತಂದರು. ಈ ಸಲ ಮಾತ್ರ ನಡುವೆ ಒಂದು ಉಂಗುರ ಹಾಕಿದರೆ ಹಿಂದಿನ ಲೆನ್ಸುಗಳು ಕೂರುವ ಏರ್ಪಾಡಾಯಿತು.

ಶಿಷ್ಯನ ಕಿವಿಗೆ ಬಿದ್ದಿದ್ದ ಮಾತಿಗೂ ಬುಡವಿಲ್ಲದಿಲ್ಲ. 2012ರಲ್ಲಿ ನಿಕಾನ್ ಡಿ800 ಬಂದಾಗ ಅದರ ಸೆನ್ಸರ್ ನೆರಳಿನೊಳಗಿನ ವಿವರವನ್ನು ರವೆಯಿಲ್ಲದೆ ಉಳಿಸುತ್ತಿತ್ತು. ಅದೇ ವರ್ಷದ ಕೆನಾನ್ 5ಡಿ ಮಾರ್ಕ್ 3 ಆ ವಿಷಯದಲ್ಲಿ ಹಿಂದೆ ಬಿತ್ತು. ಆಗ ಭೂದೃಶ್ಯದವರು ಅನೇಕರು ಪಕ್ಷಾಂತರ ಮಾಡಿದರು. 2016ರ ಮಾರ್ಕ್ 4ರ ಹೊತ್ತಿಗೆ ಆ ಅಂತರ ಬಹಳ ಕಿರಿದಾಗಿತ್ತು. ನನ್ನ ಶಿಷ್ಯ ಕೇಳಿದ್ದು ಹಳೆಯ ಸುದ್ದಿ. ಕೈಯಲ್ಲಿದ್ದುದು ಅದಕ್ಕಿಂತ ಹಳೆಯ ಪೆಟ್ಟಿಗೆ.

ಮಾರನೆಯ ಬೆಳಗ್ಗೆ ಐದೂವರೆಗೆ ಇಬ್ಬರೂ ಹೊಲದ ಬದುವಿಗೆ ಹೋದೆವು. ನನಗೆ ಮಫ್ಲರ್, ಅವನಿಗೆ ಮುಕ್ಕಾಲಿ. ಕಾಗದಕ್ಕೆ ಮೇಣ ಹೀರಿಸಿದ ಆ ಲ ಗ್ರೇ, 1857ರ ಸುಮಾರಿನಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಚಿತ್ರವಾಗಿ ಅಚ್ಚು ಮಾಡಿದ್ದನೆಂದು ರಾತ್ರಿ ಹೇಳಿದ್ದೆ. ಶಿಷ್ಯ ಹಾಗೆಯೇ ಬೆಟ್ಟಕ್ಕೊಂದು, ಆಕಾಶಕ್ಕೊಂದು ತೆಗೆದು ಮನೆಯಲ್ಲಿ ಕೂಡಿಸಿದ. ಬೆಟ್ಟವೂ ಬಂತು, ಕೆಂಪೂ ಬಂತು. ಮುಂದಿನ ಅವರೆಗಿಡಗಳು ಮಾತ್ರ ಗಾಳಿಗೆ ಅಲುಗಿ ಎರಡೆರಡಾಗಿ ಕಂಡವು. “ಇದಕ್ಕೇನು ಮಾಡೋದು ಮೇಷ್ಟ್ರೇ?” ಎಂದ. ನ್ಯಾಯವಾದ ಪ್ರಶ್ನೆ. ಅಷ್ಟರ ಮಟ್ಟಿಗೆ ಅವನಿಗೆ ಒಳ್ಳೆಯ ಸೆನ್ಸರ್ ಬೇಕೇ ಬೇಕು.

ಸಂಕ್ರಾಂತಿ ಕಳೆದ ಮೇಲೆ ಹಳೆಯ ಪೆಟ್ಟಿಗೆಯೊಂದನ್ನೇ ಮಾರಿ, ಅದೇ ಕಂಪನಿಯ ಈಚಿನದೊಂದನ್ನು, ಯಾರೋ ಬಳಸಿ ಬಿಟ್ಟದ್ದನ್ನು, ಕೊಂಡು ತಂದ. ಮೂರು ಲೆನ್ಸುಗಳೂ ಅದಕ್ಕೆ ಕೂತವು. ಕಡಿಮೆ ಬಿದ್ದ ಹಣ ಎರಡು ಮದುವೆಗಳಲ್ಲಿ ತೀರಿತಂತೆ. ಬೇಸಿಗೆ ರಜೆಯಲ್ಲಿ ಹಂಪೆಗೆ ಹೋಗಿ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕೋಣ ಬನ್ನಿ ಎಂದು ಈಗ ನನ್ನ ಬೆನ್ನು ಹತ್ತಿದ್ದಾನೆ. ಬಿಸಿಲಿಗೆ ಹೆದರಿ ನಾನಿನ್ನೂ ಒಪ್ಪಿಲ್ಲ.