ಗುಂಡಿನ ಸೀಸ: ಎರಕದ ಮಿಶ್ರಲೋಹಗಳ ಚರಿತ್ರೆ

ಕೋವಿಯ ಗುಂಡು ಮತ್ತು ಚರೆಗಳನ್ನು ಎರಕ ಹೊಯ್ಯಲು ಬಳಸುವ ಲೋಹದ ಬೆರಕೆಗಳಲ್ಲಿ ಸೀಸದ್ದೇ ಹೆಚ್ಚಿನ ಪಾಲು. ಸೀಸ 327.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಸಾಮಾನ್ಯ ಒಲೆ, ಕಬ್ಬಿಣದ ಪಾತ್ರೆ, ಒಂದು ಸೌಟು ಇದ್ದರೂ ಈ ಕೆಲಸ ನಡೆಯುತ್ತದೆ. ಅದಕ್ಕೆ ತವರ ಸೇರಿಸಿದರೆ ಎರಕ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆಂಟಿಮನಿ ಸೇರಿಸಿದರೆ ಗುಂಡು ಗಟ್ಟಿಯಾಗುತ್ತದೆ. ಇದರ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಕರಿಮದ್ದಿನ ಕಾಲದಲ್ಲಿ ಮೆತ್ತನೆಯ ಸೀಸ, ಹೊಗೆರಹಿತ ಮದ್ದು ಬಂದ ಮೇಲೆ ಗಟ್ಟಿ ಸೀಸ. ದಾಖಲೆಗಳನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲ.

ಗ್ರೀಕರೂ ರೋಮನರೂ ಕವಣೆಗೆ ಸೀಸದ ಗುಂಡು ಎರೆಯುತ್ತಿದ್ದರು. ಶತ್ರುವನ್ನು ಹಂಗಿಸುವ ಮಾತುಗಳನ್ನು ಕೊರೆದ ಗುಂಡುಗಳು ಇವತ್ತೂ ಮಣ್ಣಿನಡಿ ಸಿಗುತ್ತವೆ. ಬಾಯಿಂದ ಮದ್ದು ತುಂಬುವ ಕೋವಿಗಳ ಮೊದಲ ಶತಮಾನಗಳಲ್ಲೂ ದುಂಡನೆಯ ಗುಂಡಿಗೆ ಬೆರಕೆಯಿಲ್ಲದ ಸೀಸವೇ ಸಾಕಾಗುತ್ತಿತ್ತು.

ಗೊಂದಲ ಶುರುವಾಗುವುದು ಚರೆಯಿಂದ. ಬ್ರಿಸ್ಟಲ್ ಊರಿನ ಕೊಳಾಯಿ ಕೆಲಸಗಾರ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದ. ಎತ್ತರದಿಂದ ಸೀಸದ ಹನಿಗಳನ್ನು ನೀರಿಗೆ ಬೀಳಿಸಿ ಗುಂಡನೆಯ ಚರೆ ಮಾಡುವುದು ಅವನ ವಿಧಾನ. ಕನಸಿನಲ್ಲಿ ಸೀಸದ ಮಳೆ ಸುರಿದಿದ್ದನ್ನು ಕಂಡು ಇದು ಹೊಳೆಯಿತೆಂಬ ಕಥೆ ಜನಪ್ರಿಯ. ಆದರೆ ಕನಸು ಕಂಡವನು ಅವನೋ ಅವನ ಹೆಂಡತಿಯೋ ಎಂಬುದರಲ್ಲಿ ಹೇಳುವವರಿಗೇ ಒಮ್ಮತವಿಲ್ಲ. ಸೀಸಕ್ಕೆ ಪಾಷಾಣ (ಆರ್ಸೆನಿಕ್) ಬೆರೆಸುವ ಉಪಾಯವನ್ನೂ ಕೆಲವರು ವಾಟ್ಸ್‌ನ ಲೆಕ್ಕಕ್ಕೇ ಬರೆಯುತ್ತಾರೆ. ಇದು ಸರಿಯಲ್ಲ. ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ದಲ್ಲಿ ರಾಜಕುಮಾರ ರೂಪರ್ಟ್ ತಿಳಿಸಿದ ಚರೆ ಮಾಡುವ ಕ್ರಮವಿದೆ. ಸೀಸ ಕರಗಿಸಿ ಮೇಲೆ ತೇಲುವ ಕರಿ ಕಿಟ್ಟವನ್ನು ತೆಗೆಯಬೇಕು. ತಿಳಿಸೀಸದ ಬಣ್ಣ ಹಸಿರಿಗೆ ತಿರುಗಿದಾಗ, ಅದಕ್ಕೂ ಮುಂಚೆ ಅಲ್ಲ, ಹರಿತಾಳದ ಪುಡಿ ಉದುರಿಸಬೇಕು. ಹದಿನೆಂಟು ಇಪ್ಪತ್ತು ಪೌಂಡು ಸೀಸಕ್ಕೆ ಒಂದು ಅರ್ಧ ಕ್ರೌನ್ ನಾಣ್ಯದ ಮೇಲೆ ನಿಲ್ಲುವಷ್ಟು ಪುಡಿ ಸಾಕು. ಹರಿತಾಳ ಪಾಷಾಣದ ಅದಿರು. ಅದು ಸೇರಿದರೆ ಸೀಸದ ಹನಿ ಬಾಲ ಬೆಳೆಸದೆ ಉರುಟಾಗುತ್ತದೆ. ಹಾಗಾಗಿ ಪಾಷಾಣದ ಉಪಾಯ ವಾಟ್ಸ್‌ಗಿಂತ ನೂರು ವರ್ಷಕ್ಕೂ ಹಳೆಯದು. ಅವನ ನಿಜವಾದ ಕೊಡುಗೆ ಎತ್ತರ. ಅವನ ಗೋಪುರ 1968ರವರೆಗೂ ನಿಂತಿತ್ತು.

ಎರಡನೆಯ ತಿರುವು ಭಾರತಕ್ಕೆ ನೇರವಾಗಿ ತಟ್ಟಿದ್ದು. 1853ರ ಎನ್‌ಫೀಲ್ಡ್ ರೈಫಲ್‌ನ ನಳಿಗೆ 0.577 ಇಂಚು, ಗುಂಡು 0.568 ಇಂಚು. ಮದ್ದು ಸಿಡಿದಾಗ ಗುಂಡು ಉಬ್ಬಿ ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಕಚ್ಚಬೇಕಿತ್ತು. ಉಬ್ಬಬೇಕಾದರೆ ಸೀಸ ಅಪ್ಪಟವಾಗಿರಬೇಕು. ತವರ ಬಿದ್ದರೆ ಕೆಲಸ ಕೆಡುತ್ತದೆ. ಅಷ್ಟು ಬಿಗಿಯಾದ ಗುಂಡು ಮಸಿ ಹಿಡಿದ ನಳಿಗೆಯಲ್ಲಿ ಇಳಿಯಲು ಮೇಲಿನ ಕಾಗದಕ್ಕೆ ಜಿಡ್ಡು ಬೇಕಿತ್ತು. ಆ ಜಿಡ್ಡು ದನದ್ದು, ಹಂದಿಯದ್ದು ಎಂಬ ಸುದ್ದಿಯೇ 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿತು. ದಂಗೆಯ ಕಥನಗಳಲ್ಲಿ ಕೊಬ್ಬಿನ ಮಾತು ಎಷ್ಟು ಬರುತ್ತದೋ, ಅದನ್ನು ಅನಿವಾರ್ಯ ಮಾಡಿದ ಗುಂಡಿನ ಮಾತು ಅಷ್ಟೇ ಅಪರೂಪ. 1859ರಲ್ಲಿ ಗುಂಡನ್ನು 0.55 ಇಂಚಿಗೆ ಇಳಿಸಿ, ಉಬ್ಬಲು ಹಿಂಬದಿಗೆ ಮರದ ಬಿರಡೆ ಇಟ್ಟರು. ಇದೇ ಕಾಲಕ್ಕೆ ಜೋಸೆಫ್ ವಿಟ್ವರ್ತ್ ಆರು ಮೂಲೆಯ ನಳಿಗೆಗೆ ಆರು ಮೂಲೆಯದೇ ಗುಂಡು ಮಾಡಿದ. ಅದು ಉಬ್ಬಬೇಕಿರಲಿಲ್ಲ, ಹಾಗಾಗಿ ಗಟ್ಟಿಯಾಗಿದ್ದರೂ ನಡೆಯುತ್ತಿತ್ತು. 1871ರ ಮಾರ್ಟಿನಿ-ಹೆನ್ರಿಯ 480 ಗ್ರೇನ್ ಗುಂಡಿಗೆ ಹನ್ನೆರಡು ಪಾಲು ಸೀಸ, ಒಂದು ಪಾಲು ತವರ. ಇವೆಲ್ಲ ಕರಿಮದ್ದಿನ ಕಾಲದವೇ. ಗಡಸುತನವನ್ನು ನಿರ್ಧರಿಸಿದ್ದು ಮದ್ದೊಂದೇ ಅಲ್ಲ, ಗುಂಡು ನಳಿಗೆಗೆ ಹೇಗೆ ಹೊಂದುತ್ತದೆ ಎಂಬುದೂ ಹೌದು.

1886ರಲ್ಲಿ ಫ್ರಾನ್ಸಿನ ಲೆಬೆಲ್ ರೈಫಲ್ ಹೊಗೆರಹಿತ ಮದ್ದನ್ನು ತಂದಿತು, ಸೈನ್ಯಗಳು ಗುಂಡಿಗೆ ತಾಮ್ರ ಬೆರಕೆಯ ಹೊದಿಕೆ ಹಾಕಿದವು. ಅಲ್ಲಿಂದ ಬರಿ ಸೀಸದ ಎರಕ ಮುಖ್ಯವಾಗಿ ಹವ್ಯಾಸಿಗಳ ಪಾಲಾಯಿತು, ಅದರಲ್ಲೂ ಅಮೆರಿಕದಲ್ಲಿ. ಭಾರತದಲ್ಲಿ ಮದ್ದುಗುಂಡು ತಯಾರಿಕೆಗೆ 1959ರ ಆಯುಧ ಕಾಯ್ದೆಯಡಿ ಪರವಾನಗಿ ಕಡ್ಡಾಯ.

ಅಮೆರಿಕದ ಹವ್ಯಾಸಿಗಳು ಲೈಮನ್ ಕಂಪನಿಯ ‘ನಂಬರ್ 2’ ಬೆರಕೆಯನ್ನು, ಅಂದರೆ ನೂರರಲ್ಲಿ 90 ಸೀಸ, 5 ತವರ, 5 ಆಂಟಿಮನಿಯನ್ನು, ಅಳತೆಗೋಲಾಗಿ ಇಟ್ಟುಕೊಂಡರು. ಬ್ರಿನೆಲ್ ಗಡಸುತನದಲ್ಲಿ ಅಪ್ಪಟ ಸೀಸ ಸುಮಾರು 5, ನಂಬರ್ 2 ಸುಮಾರು 15, ಪತ್ರಿಕೆಗಳ ಅಕ್ಷರ ಎರೆಯುವ ಲೈನೋಟೈಪ್ ಲೋಹ ಸುಮಾರು 22. ಗಟ್ಟಿಯಾದಷ್ಟೂ ನಳಿಗೆಗೆ ಸೀಸ ಅಂಟದು ಎಂಬ ನಂಬಿಕೆ ದಶಕಗಟ್ಟಲೆ ಬಾಳಿತು. ಆದರೆ ಅಳತೆಗಿಂತ ಸಣ್ಣ ಗುಂಡು ಎಷ್ಟೇ ಗಟ್ಟಿಯಿದ್ದರೂ ಅದರ ಪಕ್ಕದಿಂದ ಬಿಸಿ ಅನಿಲ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಎನ್‌ಫೀಲ್ಡ್ ಕಲಿಸಿದ ಪಾಠವನ್ನೇ ಇಲ್ಲಿ ಮತ್ತೆ ಕಲಿಯಬೇಕಾಯಿತು.

ಹವ್ಯಾಸಿಗಳ ಲೋಹ ಬರುತ್ತಿದ್ದುದು ಗುಜರಿಯಿಂದ, ಅದರಲ್ಲಿ ಪತ್ರಿಕೆಗಳ ಲೈನೋಟೈಪ್ ಲೋಹವೂ ಇತ್ತು. ‘ನ್ಯೂಯಾರ್ಕ್ ಟೈಮ್ಸ್’ 1978ರ ಜುಲೈ 2ರ ಸಂಚಿಕೆಯೊಂದಿಗೆ ಬಿಸಿಲೋಹದ ಮುದ್ರಣ ನಿಲ್ಲಿಸಿತು. ಬೇರೆ ಪತ್ರಿಕೆಗಳೂ ಅದೇ ದಾರಿ ಹಿಡಿದು ಲೈನೋಟೈಪ್ ಲೋಹದ ಮೂಲ ಬತ್ತಿತು. ಉಳಿದದ್ದು ಕಾರಿನ ಚಕ್ರದ ಸಮತೋಲಕ್ಕೆ ಸಿಕ್ಕಿಸುವ ಸೀಸದ ತುಂಡುಗಳು. ಅವುಗಳಲ್ಲಿ ಒಂದಿಷ್ಟು ಆಂಟಿಮನಿ, ಚೂರು ಪಾಷಾಣ ಇರುತ್ತಿತ್ತು. ಆ ಪಾಷಾಣದ ದೆಸೆಯಿಂದ, ಅಚ್ಚಿನಿಂದ ಬಿಸಿಬಿಸಿಯಾಗಿ ನೀರಿಗೆ ಬಿದ್ದ ಗುಂಡು ಇನ್ನಷ್ಟು ಗಟ್ಟಿಯಾಗುತ್ತದೆ. ಐರೋಪ್ಯ ಒಕ್ಕೂಟ 2005ರಲ್ಲಿ, ಕ್ಯಾಲಿಫೋರ್ನಿಯಾ 2010ರಲ್ಲಿ ಅವನ್ನು ನಿಷೇಧಿಸಿದ ಮೇಲೆ ಗುಜರಿ ಬಕೆಟ್ಟಿನಲ್ಲಿ ಸತುವಿನ ತುಂಡುಗಳು ಬೆರೆಯತೊಡಗಿದವು. ಸತು ಕರಗುವುದು 419.5 ಡಿಗ್ರಿಗೆ. ಪಾತ್ರೆ ಅಷ್ಟು ಕಾಯದಿದ್ದರೆ ಅದು ಗಟ್ಟಿಯಾಗಿಯೇ ಮೇಲೆ ತೇಲುತ್ತದೆ, ಸೌಟಿನಲ್ಲಿ ಎತ್ತಿ ಹಾಕಬಹುದು. ಕರಗಿಬಿಟ್ಟರೆ ಎರಕ ಗಂಜಿಯಂತೆ ಗಂಟುಕಟ್ಟಿ ಅಚ್ಚು ತುಂಬುವುದೇ ಇಲ್ಲ. ಅನುಭವಸ್ಥರು ಕರಗಿಸುವ ಮುಂಚೆಯೇ ತುಂಡಿನ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತಾರೆ. ನೊರೆ ಬಂದರೆ ಸತು.

ಬೆರಕೆಯೇ ನ್ಯಾಯಾಲಯಕ್ಕೆ ಸಾಕ್ಷಿಯಾಗಿ ಬಂದ ಅಧ್ಯಾಯವೂ ಇದೆ. ಗುಂಡಿನ ಸೀಸದಲ್ಲಿರುವ ಆಂಟಿಮನಿ, ಪಾಷಾಣ, ತಾಮ್ರ, ಬೆಳ್ಳಿ ಮುಂತಾದ ಏಳು ಧಾತುಗಳ ಪ್ರಮಾಣ ಅಳೆದು, ಇದು ಆರೋಪಿಯ ಪೆಟ್ಟಿಗೆಯದೇ ಗುಂಡು ಎಂದು ಎಫ್‌ಬಿಐ ತಜ್ಞರು ಸಾಕ್ಷ್ಯ ಹೇಳುತ್ತಿದ್ದರು. ಆದರೆ ಒಂದೇ ಕುಲುಮೆಯ ಎರಕದಿಂದ ಲಕ್ಷಗಟ್ಟಲೆ ಗುಂಡುಗಳಾಗಬಹುದು, ಬೇರೆ ಎರಕವೂ ಅದೇ ಪ್ರಮಾಣಕ್ಕೆ ಬರಬಹುದು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2004ರ ವರದಿಯಲ್ಲಿ ಈ ಸಾಕ್ಷ್ಯದ ಮಿತಿಗಳನ್ನು ಬಿಡಿಸಿಟ್ಟಿತು. 2005ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಪರೀಕ್ಷೆಯನ್ನೇ ಕೈಬಿಟ್ಟಿತು.

2013ರ ಕೊನೆಗೆ ಮಿಸೌರಿಯ ಹರ್ಕ್ಯುಲೇನಿಯಂನಲ್ಲಿ ಅದಿರಿನಿಂದ ಸೀಸ ತೆಗೆಯುವ ಅಮೆರಿಕದ ಕೊನೆಯ ಕುಲುಮೆ ಮುಚ್ಚಿತು. ಇನ್ನು ಗುಂಡೇ ಸಿಗದು ಎಂಬ ಸುದ್ದಿ ಹಬ್ಬಿದರೂ ಹಾಗೇನೂ ಆಗಲಿಲ್ಲ, ಏಕೆಂದರೆ ತಯಾರಕರು ಹೆಚ್ಚಾಗಿ ಕೊಳ್ಳುತ್ತಿದ್ದುದು ಹಳೆಯ ಬ್ಯಾಟರಿಗಳಿಂದ ಮರುಬಳಕೆಯಾದ ಸೀಸವನ್ನು. ಮನೆಯ ಎರಕದವರು ಮಾತ್ರ ಆ ಬ್ಯಾಟರಿಗಳ ತಂಟೆಗೆ ಹೋಗುವುದಿಲ್ಲ. ಈಚಿನ ಬ್ಯಾಟರಿ ತಗಡುಗಳಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅವುಗಳ ಕಿಟ್ಟಕ್ಕೆ ತೇವ ತಾಗಿದರೆ ಪ್ರಾಣಾಂತಿಕ ಅನಿಲ ಹೊಮ್ಮಬಹುದು.