ಏಳನೇ ಯತ್ನಕ್ಕೆ ಒಲಿದ ವಿಶ್ವ ಕಿರೀಟ: ಬೆನ್ನುನೋವು, ಸಾಲು ಸೋಲು ದಾಟಿ ಬಂದ ಇ-ಸ್ಪೋರ್ಟ್ಸ್ ಆಟಗಾರ ಡೆಫ್ಟ್ ಯಾರು?

ವೃತ್ತಿಪರ ಇ-ಸ್ಪೋರ್ಟ್ಸ್‌ನಲ್ಲಿ 26 ವರ್ಷ ಎಂದರೆ ಹೆಚ್ಚುಕಡಿಮೆ ನಿವೃತ್ತಿಯ ವಯಸ್ಸು. ಆ ವಯಸ್ಸಿನಲ್ಲಿ, ಬೆನ್ನಿನ ಡಿಸ್ಕ್ ತೊಂದರೆ ಇದ್ದೂ, ತನ್ನ ಹತ್ತನೇ ವರ್ಷದ ಆಟದಲ್ಲಿ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದವರು ದಕ್ಷಿಣ ಕೊರಿಯಾದ ಕಿಮ್ ಹ್ಯೊಕ್-ಕ್ಯು. ಗೇಮಿಂಗ್ ಲೋಕಕ್ಕೆ ಅವರು 'ಡೆಫ್ಟ್' ಎಂದೇ ಪರಿಚಿತ. 2022ರ ನವೆಂಬರ್ 5ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ 'ಲೀಗ್ ಆಫ್ ಲೆಜೆಂಡ್ಸ್' ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅವರ ಡಿಆರ್‌ಎಕ್ಸ್ ತಂಡ ಬಲಿಷ್ಠ ಟಿ1 ತಂಡವನ್ನು 3-2ರಿಂದ ಮಣಿಸಿತು.

ಆಟವಾಡುತ್ತಾ ಕೂತರೆ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆ ಈಗ ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ಕೆಲವರಿಗೆ ತುಂಬುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಏನು, ಸೋತಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಡೆಫ್ಟ್ ಬದುಕು ಒಳ್ಳೆಯ ಉದಾಹರಣೆ.

ಏನಿದು ಲೀಗ್ ಆಫ್ ಲೆಜೆಂಡ್ಸ್?

ಅಮೆರಿಕದ ರಯಟ್ ಗೇಮ್ಸ್ ಕಂಪನಿ 2009ರಲ್ಲಿ ಬಿಡುಗಡೆ ಮಾಡಿದ ಕಂಪ್ಯೂಟರ್ ಗೇಮ್ ಇದು. ತಲಾ ಐವರ ಎರಡು ತಂಡಗಳು ಒಂದೇ ನಕ್ಷೆಯ ಮೇಲೆ ಎದುರಾಗುತ್ತವೆ. ಎದುರಾಳಿಯ ಕೋಟೆಯೊಳಗಿನ 'ನೆಕ್ಸಸ್' ಎಂಬ ಕೇಂದ್ರವನ್ನು ಮೊದಲು ಕೆಡವಿದವರು ಗೆದ್ದಂತೆ. ಕ್ರಿಕೆಟ್‌ನಲ್ಲಿ ಓಪನರ್, ವಿಕೆಟ್ ಕೀಪರ್ ಇರುವಂತೆ ಇಲ್ಲಿಯೂ ಐವರಿಗೆ ಐದು ಜವಾಬ್ದಾರಿಗಳಿವೆ. ಡೆಫ್ಟ್ ಅವರದು 'ಎಡಿ ಕ್ಯಾರಿ' ಸ್ಥಾನ. ದೂರದಿಂದ ದಾಳಿ ಮಾಡುವ, ಪೆಟ್ಟು ತಿಂದರೆ ಬೇಗ ಬೀಳುವ ಪಾತ್ರವದು. ಬೆರಳು, ಮಣಿಕಟ್ಟು, ಕಣ್ಣು ಒಟ್ಟಿಗೆ ಕೆಲಸ ಮಾಡಬೇಕು. ಸೆಕೆಂಡಿನ ಒಂದು ಭಾಗದಷ್ಟು ತಡವಾದರೂ ಪಂದ್ಯ ಕೈಬಿಟ್ಟು ಹೋಗಬಹುದು.

ಒಂದೇ ಶಾಲೆ, ಎರಡು ದಾರಿ

ಡೆಫ್ಟ್ ಹುಟ್ಟಿದ್ದು 1996ರ ಅಕ್ಟೋಬರ್ 23ರಂದು. ಓದಿದ್ದು ಸೋಲ್ ನಗರದ ಮಾಪೊ ಹೈಸ್ಕೂಲಿನಲ್ಲಿ. ಈ ಆಟದ ಇತಿಹಾಸದಲ್ಲೇ ಅತಿ ದೊಡ್ಡ ಹೆಸರಾದ 'ಫೇಕರ್' ಅಲಿಯಾಸ್ ಲೀ ಸಾಂಗ್-ಹ್ಯೊಕ್ ಕೂಡ ಅದೇ ಶಾಲೆಯವರು, ಅದೇ ವಯಸ್ಸಿನವರು. ಇಬ್ಬರೂ ವೃತ್ತಿಪರ ಆಟಕ್ಕೆ ಇಳಿದದ್ದು 2013ರಲ್ಲಿ.

ಅಲ್ಲಿಂದ ಮುಂದೆ ದಾರಿಗಳು ಬೇರೆಯಾದವು. ಫೇಕರ್ ಮೊದಲ ವರ್ಷವೇ ವಿಶ್ವ ಚಾಂಪಿಯನ್ ಆದರು. 2015 ಮತ್ತು 2016ರಲ್ಲಿ ಮತ್ತೆರಡು ಬಾರಿ ಗೆದ್ದರು. ಡೆಫ್ಟ್ ಕೂಡ ಸಾಮಾನ್ಯ ಆಟಗಾರರೇನಲ್ಲ. 2014ರಲ್ಲಿ ಸ್ಯಾಮ್‌ಸಂಗ್ ಬ್ಲೂ ತಂಡದ ಪರ ಕೊರಿಯಾದ ವಸಂತ ಋತುವಿನ ಲೀಗ್ ಗೆದ್ದರು. 2015ರಲ್ಲಿ ಚೀನಾದ ಇಡಿಜಿ ತಂಡ ಸೇರಿ, ಫೇಕರ್ ಅವರ ತಂಡವನ್ನೇ 3-2ರಿಂದ ಸೋಲಿಸಿ ಮಿಡ್ ಸೀಸನ್ ಇನ್ವಿಟೇಷನಲ್ ಪ್ರಶಸ್ತಿ ಎತ್ತಿದರು. ಆದರೆ ವರ್ಷದ ಕೊನೆಯಲ್ಲಿ ಬರುವ ವಿಶ್ವ ಚಾಂಪಿಯನ್‌ಶಿಪ್ ಮಾತ್ರ ಕೈಗೆ ಸಿಗಲಿಲ್ಲ.

ಸೋಲಿನ ಪಟ್ಟಿ

2014ರಿಂದ 2021ರವರೆಗಿನ ಡೆಫ್ಟ್ ಅವರ ವಿಶ್ವ ಚಾಂಪಿಯನ್‌ಶಿಪ್ ದಾಖಲೆ ಹೀಗಿದೆ:

- 2014: ಸೆಮಿಫೈನಲ್‌ನಲ್ಲಿ ಸ್ಯಾಮ್‌ಸಂಗ್ ವೈಟ್ ವಿರುದ್ಧ ಸೋಲು.
- 2015: ಕ್ವಾರ್ಟರ್ ಫೈನಲ್‌ನಲ್ಲಿ ಫನಾಟಿಕ್ ವಿರುದ್ಧ 0-3 ಸೋಲು.
- 2016: ಕ್ವಾರ್ಟರ್ ಫೈನಲ್‌ನಲ್ಲಿ ರಾಕ್ಸ್ ಟೈಗರ್ಸ್ ವಿರುದ್ಧ 1-3 ಸೋಲು.
- 2017: ಕೆಟಿ ರೋಲ್‌ಸ್ಟರ್ ಪರ ಆಡಿ, ಕೊನೆಯ ಅರ್ಹತಾ ಪಂದ್ಯದಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಿರುದ್ಧ ಸೋತು ಟೂರ್ನಿಯಿಂದಲೇ ಹೊರಕ್ಕೆ.
- 2018: ಕೊರಿಯಾ ಲೀಗ್ ಗೆದ್ದು ಬಂದರೂ ಕ್ವಾರ್ಟರ್ ಫೈನಲ್‌ನಲ್ಲಿ ಇನ್ವಿಕ್ಟಸ್ ಗೇಮಿಂಗ್ ವಿರುದ್ಧ 2-3 ಸೋಲು.
- 2019: ಅರ್ಹತೆ ಸಿಗಲಿಲ್ಲ.
- 2020: ಕ್ವಾರ್ಟರ್ ಫೈನಲ್‌ನಲ್ಲಿ ಡ್ಯಾಮ್‌ವನ್ ವಿರುದ್ಧ 0-3 ಸೋಲು.
- 2021: ಹಾನ್ವಾ ಲೈಫ್ ಪರ ಕ್ವಾರ್ಟರ್ ಫೈನಲ್‌ನಲ್ಲಿ ಟಿ1 ವಿರುದ್ಧ 0-3 ಸೋಲು.

ಈ ಪಟ್ಟಿಯಲ್ಲಿ ಇನ್ನೊಂದು ಕಹಿ ಅಡಗಿದೆ. 2014, 2017, 2018 ಮತ್ತು 2020ರಲ್ಲಿ ಡೆಫ್ಟ್ ಅವರನ್ನು ಸೋಲಿಸಿದ ತಂಡವೇ ಆ ವರ್ಷ ವಿಶ್ವ ಚಾಂಪಿಯನ್ ಆಯಿತು. ಚೆನ್ನಾಗಿ ಆಡಿದರೂ ಕಪ್ ಬೇರೆಯವರ ಕೈಯಲ್ಲಿ ಕಾಣುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು.

ದೇಹವೂ ಕೈಕೊಟ್ಟಾಗ

ಸೋಲಿನ ಜೊತೆಗೆ ಬೆನ್ನುನೋವೂ ಸೇರಿಕೊಂಡಿತು. ಡಿಸ್ಕ್ ಸಮಸ್ಯೆಯಿಂದ ಅವರು ವರ್ಷಗಟ್ಟಲೆ ಬಳಲಿದರು. ಕುರ್ಚಿಯೇ ಮೈದಾನವಾಗಿರುವ ಆಟದಲ್ಲಿ ಬೆನ್ನುನೋವೆಂದರೆ ಓಟಗಾರನಿಗೆ ಮಂಡಿನೋವು ಬಂದಂತೆ. ವೃತ್ತಿಪರ ತಂಡಗಳಲ್ಲಿ ದಿನಕ್ಕೆ ಹತ್ತು, ಹನ್ನೆರಡು ಗಂಟೆ ಕಂಪ್ಯೂಟರ್ ಮುಂದೆ ಕೂರುವುದು ಮಾಮೂಲು. ಅಭ್ಯಾಸ ಕಡಿಮೆ ಮಾಡಿದರೆ ಹದಿನೆಂಟರ ಹುಡುಗ ಜಾಗ ಕಸಿದುಕೊಳ್ಳುತ್ತಾನೆ, ಹೆಚ್ಚು ಮಾಡಿದರೆ ನೋವು ಏರುತ್ತದೆ.

ಇದು ಒಬ್ಬರ ಕಷ್ಟವೇನೂ ಅಲ್ಲ. ಡೆಫ್ಟ್ ಅವರಂತೆಯೇ ಎಡಿ ಕ್ಯಾರಿ ಆಗಿದ್ದ ಚೀನಾದ ದೊಡ್ಡ ತಾರೆ 'ಉಜಿ' ಅಲಿಯಾಸ್ ಜಿಯಾನ್ ಜಿಹಾವೊ 2020ರ ಜೂನ್‌ನಲ್ಲಿ, ಕೇವಲ 23ನೇ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ವರ್ಷಗಳ ಒತ್ತಡ, ಹೊತ್ತುಗೊತ್ತಿಲ್ಲದ ಊಟ, ರಾತ್ರಿ ಜಾಗರಣೆಯಿಂದ ಟೈಪ್ 2 ಮಧುಮೇಹ ಬಂದಿದೆ ಎಂದು ಅವರೇ ತಿಳಿಸಿದ್ದರು. ಕೈನೋವು ಅದಕ್ಕೂ ಮೊದಲೇ ಇತ್ತು. ನಂತರ ಅವರು ಆಟಕ್ಕೆ ಮರಳಿದರಾದರೂ ವಿಶ್ವ ಕಿರೀಟ ಒಲಿಯಲಿಲ್ಲ.

ಫೇಕರ್ ಕೂಡ ಹೊರತಲ್ಲ. 2023ರ ಜುಲೈನಲ್ಲಿ ಬಲಗೈ ನೋವಿನಿಂದ ಅವರು ಸುಮಾರು ಒಂದು ತಿಂಗಳು ಆಟದಿಂದ ದೂರ ಉಳಿದರು. ಆ ಅವಧಿಯಲ್ಲಿ ಟಿ1 ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತು. ವಿಶ್ರಾಂತಿ ಪಡೆದು ಮರಳಿದ ಫೇಕರ್, ಅದೇ ವರ್ಷದ ನವೆಂಬರ್‌ನಲ್ಲಿ ಸೋಲ್ ನಗರದಲ್ಲೇ ನಾಲ್ಕನೇ ವಿಶ್ವ ಪ್ರಶಸ್ತಿ ಗೆದ್ದರು. ನೋವನ್ನು ಮುಚ್ಚಿಟ್ಟು ಆಡುವುದಕ್ಕಿಂತ ಸಕಾಲದಲ್ಲಿ ಕೈಗೆ ಬಿಡುವು ಕೊಟ್ಟಿದ್ದೇ ಅವರಿಗೆ ಲಾಭವಾಯಿತು.

2022: ಕೊನೆಯ ಸ್ಥಾನದ ತಂಡದಿಂದ ಹೊಸ ಆರಂಭ

2021ರ ಸೋಲಿನ ಬಳಿಕ ಡೆಫ್ಟ್ ತಮ್ಮ ಹಳೆಯ ತಂಡ ಡಿಆರ್‌ಎಕ್ಸ್‌ಗೆ ಮರಳಿದರು. ಆ ತಂಡ 2021ರ ಬೇಸಿಗೆ ಲೀಗ್‌ನಲ್ಲಿ ಹತ್ತು ತಂಡಗಳ ಪೈಕಿ ಕೊನೆಯ ಸ್ಥಾನದಲ್ಲಿತ್ತು. ಹೊಸ ತಂಡದಲ್ಲಿ ಅವರ ಜೊತೆಗಾರರಾಗಿ ಬಂದವರು 'ಬೆರಿಲ್'. 2020ರಲ್ಲಿ ಡೆಫ್ಟ್ ಅವರನ್ನು ಮನೆಗೆ ಕಳುಹಿಸಿದ್ದ ಡ್ಯಾಮ್‌ವನ್ ತಂಡದ ಆಟಗಾರ ಇದೇ ಬೆರಿಲ್! ಮಧ್ಯದ ಸ್ಥಾನಕ್ಕೆ ಬಂದ 'ಜೆಕಾ' ಇನ್ನೂ ಹದಿಹರೆಯದವರು.

ಆ ವರ್ಷದ ಬೇಸಿಗೆ ಲೀಗ್‌ನಲ್ಲಿ ಡಿಆರ್‌ಎಕ್ಸ್ ಒಂಬತ್ತು ಪಂದ್ಯ ಗೆದ್ದು, ಒಂಬತ್ತು ಸೋತು ಆರನೇ ಸ್ಥಾನ ಪಡೆಯಿತು. ಅರ್ಹತಾ ಸುತ್ತಿನ ಎರಡೂ ಸರಣಿಗಳನ್ನು 3-2ರಿಂದ ಗೆದ್ದು ಕೊರಿಯಾದ ನಾಲ್ಕನೇ, ಅಂದರೆ ಕೊನೆಯ ತಂಡವಾಗಿ ವಿಶ್ವ ಚಾಂಪಿಯನ್‌ಶಿಪ್‌ಗೆ ಹೊರಟಿತು. ಹಾಗಾಗಿ ನೇರ ಪ್ರವೇಶವಿರಲಿಲ್ಲ. ಮೆಕ್ಸಿಕೋ ಸಿಟಿಯಲ್ಲಿ ಪ್ಲೇ-ಇನ್ ಸುತ್ತು ಆಡಿ ಗೆದ್ದು ನ್ಯೂಯಾರ್ಕ್ ತಲುಪಬೇಕಾಯಿತು.

ನ್ಯೂಯಾರ್ಕ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್ ಇಡಿಜಿ. ಅದು ಡೆಫ್ಟ್ ಅವರ ಹಳೆಯ ತಂಡ. 2015ರಲ್ಲಿ ಅವರ ಪಕ್ಕದಲ್ಲಿ ಕೂತು ಆಡಿದ್ದ 'ಮೇಕೊ' ಇನ್ನೂ ಅದೇ ತಂಡದಲ್ಲಿದ್ದರು. ಮೊದಲ ಪಂದ್ಯ ಸೋತಾಗಿತ್ತು. ಎರಡನೇ ಪಂದ್ಯದಲ್ಲಿ ಎದುರಾಳಿಯ ನೆಕ್ಸಸ್ ಇನ್ನೇನು ಬೀಳಬೇಕು ಎನ್ನುವಷ್ಟರಲ್ಲಿ, ಮೊದಲು ಕೆಡವಿದ್ದ 'ಇನ್ಹಿಬಿಟರ್' ಮತ್ತೆ ಎದ್ದು ನಿಂತಿತು. ಎದುರಾಳಿಯ ಮೂರು ಇನ್ಹಿಬಿಟರ್‌ಗಳಲ್ಲಿ ಒಂದಾದರೂ ಬಿದ್ದಿರದಿದ್ದರೆ ನೆಕ್ಸಸ್‌ಗೆ ಪೆಟ್ಟು ತಾಗುವುದಿಲ್ಲ ಎಂಬುದು ಆಟದ ನಿಯಮ. ಕೈಯಲ್ಲಿದ್ದ ಗೆಲುವು ಜಾರಿತು, 0-2.

ಇನ್ನೊಂದು ಪಂದ್ಯ ಸೋತರೆ ಮತ್ತದೇ ಕ್ವಾರ್ಟರ್ ಫೈನಲ್ ನಿರ್ಗಮನ. ಆದರೆ ಡಿಆರ್‌ಎಕ್ಸ್ ಮುಂದಿನ ಮೂರನ್ನೂ ಗೆದ್ದು 3-2ರಿಂದ ಸರಣಿಯನ್ನು ಕಿತ್ತುಕೊಂಡಿತು. ಎಂಟು ವರ್ಷಗಳ ಬಳಿಕ ಸೆಮಿಫೈನಲ್ ತಲುಪಿದ ಡೆಫ್ಟ್ ಕಣ್ಣೀರಾದರು.

ಅಟ್ಲಾಂಟಾದ ಸೆಮಿಫೈನಲ್‌ನಲ್ಲಿ ಕೊರಿಯಾದ ಅಗ್ರ ತಂಡ ಜೆನ್.ಜಿ 3-1ರಿಂದ ಸೋತಿತು. ಫೈನಲ್‌ನಲ್ಲಿ ಫೇಕರ್ ಅವರ ಟಿ1. ಮಾಪೊ ಹೈಸ್ಕೂಲಿನ ಇಬ್ಬರು ವಿದ್ಯಾರ್ಥಿಗಳು ವಿಶ್ವ ಫೈನಲ್‌ನಲ್ಲಿ ಎದುರಾದರು. ಒಂದು ಹಂತದಲ್ಲಿ 1-2ರಿಂದ ಹಿಂದಿದ್ದ ಡಿಆರ್‌ಎಕ್ಸ್ ಕೊನೆಯ ಎರಡೂ ಪಂದ್ಯ ಗೆದ್ದಿತು. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಡೆಫ್ಟ್‌ಗಲ್ಲ, ತಂಡದ ಮತ್ತೊಬ್ಬ ಆಟಗಾರ 'ಕಿಂಗೆನ್'ಗೆ. ಪ್ಲೇ-ಇನ್ ಸುತ್ತಿನಿಂದ ಬಂದು ವಿಶ್ವ ಚಾಂಪಿಯನ್ ಆದ ಮೊದಲ ತಂಡ ಡಿಆರ್‌ಎಕ್ಸ್.

ದೇಶದ ಮಾತಾದ ಒಂದು ತಲೆಬರಹ

ಇದೇ ಟೂರ್ನಿಯ ಗುಂಪು ಹಂತದಲ್ಲಿ ಯುರೋಪಿನ ರೋಗ್ ತಂಡದ ವಿರುದ್ಧ ಸೋತ ದಿನ ಡೆಫ್ಟ್ ಕೊರಿಯಾದ ಮಾಧ್ಯಮವೊಂದಕ್ಕೆ ಸಂದರ್ಶನ ನೀಡಿದ್ದರು. ಸೋತರೂ ತಂಡದೊಳಗೆ ಕುಸಿಯದಿದ್ದರೆ ಗೆಲ್ಲಬಹುದು ಎಂಬುದು ಅವರ ಮಾತಿನ ಸಾರ. ಆ ಸಂದರ್ಶನಕ್ಕೆ ಕೊಟ್ಟ ತಲೆಬರಹದ ಅರ್ಥ, 'ಮುಖ್ಯವಾದದ್ದು ಮುರಿಯದ ಮನಸ್ಸು'. ಡಿಆರ್‌ಎಕ್ಸ್ ಗೆಲ್ಲುತ್ತಾ ಹೋದಂತೆ ಈ ಸಾಲು ಜನರ ಬಾಯಿಗೆ ಬಿತ್ತು.

ಒಂದು ತಿಂಗಳೊಳಗೆ ಅದು ಇ-ಸ್ಪೋರ್ಟ್ಸ್ ಗಡಿ ದಾಟಿತು. 2022ರ ಡಿಸೆಂಬರ್ 2ರಂದು ಕತಾರ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪೋರ್ಚುಗಲ್ ತಂಡವನ್ನು 2-1ರಿಂದ ಸೋಲಿಸಿ 16ರ ಘಟ್ಟ ತಲುಪಿದ ದಕ್ಷಿಣ ಕೊರಿಯಾ ಆಟಗಾರರು ಹಿಡಿದ ರಾಷ್ಟ್ರಧ್ವಜದ ಮೇಲೆ ಬರೆದಿದ್ದುದು ಇದೇ ಸಾಲು.

ಗೆಲುವಿನ ನಂತರ?

ಈ ವೃತ್ತಿಯ ಇನ್ನೊಂದು ಮುಖ ಕಾಣುವುದು ಇಲ್ಲಿ. ಫೈನಲ್ ಮುಗಿದು ಕೆಲವೇ ವಾರಗಳಲ್ಲಿ ಚಾಂಪಿಯನ್ ತಂಡ ಚದುರಿತು. ಒಪ್ಪಂದ ಮುಗಿದ ಆಟಗಾರರು ಬೇರೆ ಬೇರೆ ತಂಡಗಳಿಗೆ ಹೋದರು, ಫೈನಲ್ ಆಡಿದ ಐವರಲ್ಲಿ ಉಳಿದವರು ಬೆರಿಲ್ ಒಬ್ಬರೇ. ಡೆಫ್ಟ್ 2023ರಲ್ಲಿ ಡಿಪ್ಲಸ್ ಕಿಯಾ, 2024ರಲ್ಲಿ ಕೆಟಿ ರೋಲ್‌ಸ್ಟರ್ ಪರ ಆಡಿದರು. ಮತ್ತೊಂದು ವಿಶ್ವ ಕಿರೀಟ ಸಿಗಲಿಲ್ಲ.

ಕೊರಿಯಾದಲ್ಲಿ ದೈಹಿಕವಾಗಿ ಸಮರ್ಥರಾದ ಪುರುಷರಿಗೆ ಸೇನಾ ಸೇವೆ ಕಡ್ಡಾಯ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಫೇಕರ್ ಮತ್ತು ತಂಡದವರಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಆ ತಂಡದಲ್ಲಿ ಡೆಫ್ಟ್ ಇರಲಿಲ್ಲ. 2024ರ ಋತು ಮುಗಿಸಿ ಅವರು ಸೇನಾ ಸೇವೆಗೆ ತೆರಳಿದರು.

ಭಾರತದಲ್ಲಿ ಪರಿಸ್ಥಿತಿ ಹೇಗಿದೆ?

ನಮ್ಮಲ್ಲಿ ಆಟಗಾರರಿಗೆ ಎದುರಾಗುವ ಹಿನ್ನಡೆಯ ಬಗೆ ತುಸು ಬೇರೆ. ಇಲ್ಲಿ ಹೆಚ್ಚಿನವರ ಆಟ ಮೊಬೈಲ್‌ನಲ್ಲಿ, ಆಡುವ ಗೇಮ್ ನಾಳೆ ಇರುತ್ತದೆಯೇ ಎಂಬುದೇ ಮೊದಲ ಚಿಂತೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. ಅದರ ಜಾಗಕ್ಕೆ 2021ರಲ್ಲಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಅದನ್ನೇ ನಂಬಿ ಓದು, ಕೆಲಸ ಬಿಟ್ಟಿದ್ದವರು ನಡುವಿನ ತಿಂಗಳುಗಳಲ್ಲಿ ಕೈಕಟ್ಟಿ ಕೂರಬೇಕಾಯಿತು.

ಸರ್ಕಾರಿ ಮಾನ್ಯತೆಯ ವಿಷಯದಲ್ಲಿ ಬದಲಾವಣೆಯಾಗಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಇ-ಸ್ಪೋರ್ಟ್ಸ್‌ನಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಗೇಮ್‌ನಲ್ಲಿ ಕಂಚು ತಂದರು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕವಾಗಿ ಗುರುತಿಸಿತು. ಮಗ ಅಥವಾ ಮಗಳು ಆಡುತ್ತಿರುವುದು ಇವೆರಡರಲ್ಲಿ ಯಾವುದು ಎಂಬುದನ್ನು ಪೋಷಕರು ಮೊದಲು ತಿಳಿದುಕೊಳ್ಳಬೇಕು.

ಈ ಹಾದಿ ಹಿಡಿಯುವವರು ಗಮನಿಸಬೇಕಾದ್ದು

- ಆಯುಷ್ಯ ಕಡಿಮೆ: ಹದಿನೇಳಕ್ಕೆ ಶುರುವಾಗಿ ಇಪ್ಪತ್ತೈದರ ಆಸುಪಾಸಿನಲ್ಲಿ ಮುಗಿಯುವ ವೃತ್ತಿ ಇದು. ಡೆಫ್ಟ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದು ಅಪರೂಪ. ಓದು ಪೂರ್ತಿ ಕೈಬಿಡುವ ಮುನ್ನ ಈ ಲೆಕ್ಕ ಹಾಕಬೇಕು.
- ನೋವು ಮುಚ್ಚಿಡಬೇಡಿ: ಮಣಿಕಟ್ಟು, ಕತ್ತು, ಬೆನ್ನಿನಲ್ಲಿ ನೋವು ಅಥವಾ ಜೋಮು ಕಾಣಿಸಿಕೊಂಡರೆ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಫೇಕರ್ ಅವರಂಥವರೇ ತಿಂಗಳು ಬಿಡುವು ತೆಗೆದುಕೊಂಡಿದ್ದಾರೆ.
- ಒಪ್ಪಂದ ಓದಿ ಸಹಿ ಹಾಕಿ: ಎಷ್ಟು ಅವಧಿ, ಬಹುಮಾನದಲ್ಲಿ ಪಾಲೆಷ್ಟು, ಗಾಯವಾದರೆ ಸಂಬಳ ಬರುತ್ತದೆಯೇ ಎಂಬುದು ಬರವಣಿಗೆಯಲ್ಲಿ ಇರಲಿ. ಹದಿನೆಂಟು ತುಂಬದವರ ಪರವಾಗಿ ಪೋಷಕರು ಓದಬೇಕು.
- ತಂಡ ನೋಡಿ: ಡೆಫ್ಟ್ ಗೆದ್ದದ್ದು ತಾರೆಗಳ ತಂಡದಲ್ಲಲ್ಲ. 0-2 ಹಿನ್ನಡೆಯಲ್ಲೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸದ ತಂಡದಲ್ಲಿ.

ಡೆಫ್ಟ್ ಅವರ ಮನಸ್ಸು ಮುರಿಯಲಿಲ್ಲ ಎಂಬುದು ನಿಜ. ಆದರೆ ಅದೇ ಹತ್ತು ವರ್ಷಗಳಲ್ಲಿ ಅಷ್ಟೇ ಗಟ್ಟಿ ಮನಸ್ಸಿನ ಎಷ್ಟೋ ಆಟಗಾರರು ಕಪ್ ಮುಟ್ಟದೆ ಹೊರಟುಹೋದರು. ಮನಸ್ಸು ಗಟ್ಟಿಯಿದ್ದರೆ ಗೆಲುವು ಖಚಿತ ಎಂದು ಈ ಕಥೆ ಹೇಳುವುದಿಲ್ಲ. ಸೋತ ಮೇಲೂ ಮುಂದಿನ ವರ್ಷ ಕುರ್ಚಿಯಲ್ಲಿ ಕೂರುವಷ್ಟು ದೇಹ, ಜೊತೆಗಾರರು ಮತ್ತು ಬದುಕನ್ನು ಉಳಿಸಿಕೊಂಡವರಿಗೆ ಮಾತ್ರ ಇನ್ನೊಂದು ಅವಕಾಶ ಸಿಗುತ್ತದೆ. ಡೆಫ್ಟ್‌ಗೆ ಅಂಥ ಅವಕಾಶ ಏಳು ಬಾರಿ ಬೇಕಾಯಿತು.