ತಾಪನ ತೈಲದ ತೊಟ್ಟಿಯಲ್ಲಿ ನೀರು: ಪತ್ತೆ, ನಿವಾರಣೆ ಮತ್ತು ವಿಲೇವಾರಿ

ಶೀತಪ್ರದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆಯಿಲ್ಲದೆ ಚಳಿಗಾಲವನ್ನು ಕಳೆಯುವುದು ದುಸ್ತರ. ಬ್ರಿಟನ್ನಿನ ಗ್ರಾಮಾಂತರ ಪ್ರದೇಶ, ಐರ್ಲೆಂಡ್ ಹಾಗೂ ಅಮೆರಿಕದ ಈಶಾನ್ಯ ರಾಜ್ಯಗಳ ಅನೇಕ ಮನೆಗಳಲ್ಲಿ ಈ ಶಾಖಕ್ಕೆ ತೈಲವೇ ಆಧಾರ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಹೆಚ್ಚಾಗಿ ಸೀಮೆಎಣ್ಣೆಯನ್ನೂ ಅಮೆರಿಕದಲ್ಲಿ ಡೀಸೆಲ್ಲನ್ನು ಹೋಲುವ ತಾಪನ ತೈಲವನ್ನೂ ಬಳಸಲಾಗುತ್ತದೆ. ಹಿತ್ತಿಲಲ್ಲಿ ಅಥವಾ ನೆಲಮಾಳಿಗೆಯಲ್ಲಿ ಇರಿಸಿದ ತೊಟ್ಟಿಯಿಂದ ಈ ತೈಲ ಕೊಳವೆಯ ಮೂಲಕ ಬಾಯ್ಲರ್‌ಗೆ ಹರಿಯುತ್ತದೆ. ಈ ತೊಟ್ಟಿಗಳ ದೊಡ್ಡ ಶತ್ರು ನೀರು.

ನೀರು ಬರುವುದೆಲ್ಲಿಂದ?

ಅರ್ಧ ಖಾಲಿಯಾದ ತೊಟ್ಟಿಯೊಳಗಿನ ಗಾಳಿಯಲ್ಲಿ ತೇವಾಂಶವಿರುತ್ತದೆ. ರಾತ್ರಿಯ ಚಳಿಗೆ ಅದು ಗೋಡೆಗಳ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ಸಡಿಲವಾದ ಮುಚ್ಚಳ, ಒಡೆದ ಗಾಳಿಕೊಳವೆ ಅಥವಾ ಬಿರುಕುಗಳ ಮೂಲಕ ಮಳೆನೀರೂ ಒಳಸೇರುತ್ತದೆ. ಸೀಮೆಎಣ್ಣೆಯ ಒಂದು ಲೀಟರ್ ಸುಮಾರು 800 ಗ್ರಾಂ ತೂಗಿದರೆ ನೀರಿನ ಒಂದು ಲೀಟರ್ 1 ಕಿಲೋ ತೂಗುತ್ತದೆ. ಆದುದರಿಂದ ನೀರು ಎಣ್ಣೆಯೊಡನೆ ಬೆರೆಯದೆ ತಳದಲ್ಲಿ ನಿಲ್ಲುತ್ತದೆ. ಮೇಲಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ.

ಆಗುವ ಹಾನಿ

ತಳದ ನೀರು ಉಕ್ಕಿನ ತೊಟ್ಟಿಯನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗಿನ ಬಣ್ಣ ಮಾಸದಿರುವಾಗಲೇ ತಳ ತೂತು ಬೀಳುವುದುಂಟು. ನೀರು ಮತ್ತು ಎಣ್ಣೆ ಸೇರುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂಥ ಕೆಸರು ಉಂಟಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲೂ ಸೀಮೆಎಣ್ಣೆ ಹರಿಯಬಲ್ಲದು. ಆದರೆ ಕೊಳವೆಯೊಳಗೆ ಸೇರಿದ ನೀರು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುತ್ತದೆ. ಹೀಗಾಗಿ ಬಾಯ್ಲರ್ ಕೈಕೊಡುವುದು ಸಾಮಾನ್ಯವಾಗಿ ಕಡುಚಳಿಯ ರಾತ್ರಿಗಳಲ್ಲಿಯೇ.

ಪತ್ತೆ ಹಚ್ಚುವ ಬಗೆ

ಇದಕ್ಕೆಂದೇ ದೊರೆಯುವ, ನೀರು ತಗುಲಿದರೆ ಬಣ್ಣ ಬದಲಿಸುವ ಪೇಸ್ಟ್ ಅನ್ನು ಅಳತೆ ಕಡ್ಡಿಯ ತುದಿಗೆ ಹಚ್ಚಿ ತೊಟ್ಟಿಯ ತಳ ಮುಟ್ಟುವವರೆಗೆ ಇಳಿಸಬೇಕು. ಸ್ವಲ್ಪ ಹೊತ್ತಿನ ನಂತರ ಹೊರತೆಗೆದಾಗ ಬಣ್ಣ ಬದಲಾದ ಎತ್ತರವೇ ನೀರಿನ ಆಳ. ಹೊಸದಾಗಿ ತೈಲ ತುಂಬಿಸಿದ ಕೂಡಲೇ ಪರೀಕ್ಷಿಸಬಾರದು. ಕಲಕಿದ ನೀರು ಮತ್ತೆ ತಳ ಸೇರಲು ಕಾಲಾವಕಾಶ ಬೇಕು.

ಹೊರತೆಗೆಯುವ ಕ್ರಮ

ಮೊದಲು ಬಾಯ್ಲರ್ ನಿಲ್ಲಿಸಿ, ಅದಕ್ಕೆ ತೈಲ ಹರಿಯುವ ವಾಲ್ವ್ ಮುಚ್ಚಬೇಕು. ಸುತ್ತಮುತ್ತ ಬೆಂಕಿ, ಬೀಡಿ, ಸಿಗರೇಟು ಇರಕೂಡದು.

ಅನೇಕ ಉಕ್ಕಿನ ತೊಟ್ಟಿಗಳನ್ನು ಒಂದು ಬದಿಗೆ ತುಸು ಇಳಿಜಾರಾಗಿ ಕೂರಿಸಿ, ತಗ್ಗಿನ ತುದಿಯಲ್ಲಿ ಕೆಸರು ಹೊರಬಿಡುವ ವಾಲ್ವ್ ಅಳವಡಿಸಿರುತ್ತಾರೆ. ಅದನ್ನು ನಿಧಾನವಾಗಿ ತೆರೆದು ದ್ರವವನ್ನು ಪಾತ್ರೆಯಲ್ಲಿ ಹಿಡಿಯಬೇಕು. ನೀರು ಮುಗಿದು ಎಣ್ಣೆ ಬರತೊಡಗಿದೊಡನೆ ಮುಚ್ಚಬೇಕು. ತುಕ್ಕು ಹಿಡಿದ ಹಳೆಯ ವಾಲ್ವನ್ನು ಬಲವಂತವಾಗಿ ತಿರುಗಿಸಬಾರದು. ಅದು ಮತ್ತೆ ಮುಚ್ಚದಿದ್ದರೆ ತೊಟ್ಟಿಯ ತೈಲವೆಲ್ಲ ನೆಲದ ಪಾಲಾದೀತು.

ಇಂಥ ವಾಲ್ವ್ ಇಲ್ಲದ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ತಳದವರೆಗೆ ಕೊಳವೆ ಇಳಿಸಿ ಕೈಪಂಪಿನಿಂದ ನೀರನ್ನು ಎಳೆಯುತ್ತಾರೆ. ನೀರು ಅಲ್ಪವಾಗಿದ್ದರೆ, ನೀರನ್ನಷ್ಟೇ ಹೀರಿ ಎಣ್ಣೆಯನ್ನು ಬಿಡುವ ಚೀಲಗಳನ್ನು ದಾರಕ್ಕೆ ಕಟ್ಟಿ ಇಳಿಬಿಡುವುದುಂಟು. ಕೆಸರು ಹೆಚ್ಚಿದ್ದರೆ ಅಥವಾ ಕೊಳವೆಯೊಳಗೂ ನೀರು ಸೇರಿದ್ದರೆ ನುರಿತ ತಂತ್ರಜ್ಞರನ್ನು ಕರೆಸುವುದೇ ಲೇಸು. ಕೊನೆಯಲ್ಲಿ ಫಿಲ್ಟರ್ ಶುಚಿಗೊಳಿಸಿ, ನೀರು ಬಂದ ದಾರಿಯನ್ನು ಮುಚ್ಚದಿದ್ದರೆ ಶ್ರಮವೆಲ್ಲ ವ್ಯರ್ಥ.

ತೆಗೆದ ನೀರನ್ನು ಏನು ಮಾಡಬೇಕು?

ಹಲವರು ಎಡವುವುದು ಇಲ್ಲಿಯೇ. ಹೊರಬಂದ ನೀರಿನಲ್ಲಿ ಎಣ್ಣೆಯ ಅಂಶವಿರುತ್ತದೆ. ಅದನ್ನು ಚರಂಡಿಗೆ ಚೆಲ್ಲಿದರೆ ಹಳ್ಳಕೊಳ್ಳ ಸೇರುತ್ತದೆ, ಮಣ್ಣಿಗೆ ಸುರಿದರೆ ಅಂತರ್ಜಲಕ್ಕಿಳಿದು ಬಾವಿಯನ್ನು ಕೆಡಿಸಬಲ್ಲದು. ಸೀಮೆಎಣ್ಣೆ ನೆಲದಲ್ಲಿ ಹೂತ ಪ್ಲಾಸ್ಟಿಕ್ ನಲ್ಲಿ ಕೊಳವೆಯ ಗೋಡೆಯನ್ನೂ ದಾಟಿ ಕುಡಿಯುವ ನೀರಿಗೆ ಸೇರಬಲ್ಲದು. ಆದ್ದರಿಂದ ಅದನ್ನು ಮುಚ್ಚಳವಿರುವ ಪಾತ್ರೆಯಲ್ಲಿ ತುಂಬಿ, ಸ್ಥಳೀಯ ಆಡಳಿತ ಸೂಚಿಸುವ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.

ಜೋಡಿ ಗೋಡೆಯ ತೊಟ್ಟಿಗಳಲ್ಲಿ ಹೊರಕವಚದೊಳಗೆ ನಿಂತ ನೀರನ್ನೂ ಗಮನಿಸಬೇಕು. ಅದರ ಮೇಲೆ ಎಣ್ಣೆ ತೇಲುತ್ತಿದ್ದರೆ ಒಳತೊಟ್ಟಿ ಸೋರುತ್ತಿರುವ ಸಂಭವವುಂಟು.

ನಮ್ಮಲ್ಲಿಯೂ ಅನ್ವಯ

ಕರ್ನಾಟಕದ ಮನೆಗಳಿಗೆ ತಾಪನ ತೈಲದ ಅಗತ್ಯವಿಲ್ಲ. ಆದರೆ ವಸತಿ ಸಮುಚ್ಚಯಗಳಲ್ಲಿ ಜನರೇಟರ್‌ಗೆಂದು ಸಂಗ್ರಹಿಸುವ ಡೀಸೆಲ್‌ನ ತಳದಲ್ಲೂ ಇದೇ ರೀತಿ ನೀರು ಸೇರುತ್ತದೆ. ಅಲ್ಲಿ ಚಳಿಗಾಲಕ್ಕೆ ಮುನ್ನ, ಇಲ್ಲಿ ಮಳೆಗಾಲ ಮುಗಿದ ಕೂಡಲೇ ಒಮ್ಮೆ ಅಳತೆ ಕಡ್ಡಿ ಇಳಿಸಿ ನೋಡುವುದು ಅಗ್ಗದ ಮುನ್ನೆಚ್ಚರಿಕೆ.